ಕೋವಿ ನಿಂತಿದ್ದ ಮರ ಹೇಳುವ ಕತೆ

ಹಳೆಯ ಆಯುಧಗಳ ಸಂಗ್ರಾಹಕರು ನಮ್ಮಲ್ಲಿ ಕಡಿಮೆಯೇನಲ್ಲ. ಕತ್ತಿ, ಕಠಾರಿ, ಗುರಾಣಿಗಳನ್ನು ಹಜಾರದ ಗೋಡೆಯ ಮೇಲೆ ಮೆರೆಸುವ ಮನೆಗಳನ್ನು ಎಲ್ಲರೂ ಕಂಡಿರುತ್ತಾರೆ. ಆದರೆ ಪಲ್ಟನ್ನುಗಳ ಕೋವಿಗಳು ಒಂದು ಕಾಲದಲ್ಲಿ ಸಾಲಾಗಿ ನಿಂತಿರುತ್ತಿದ್ದ ಮರದ ರ್‍ಯಾಕುಗಳನ್ನು ಹುಡುಕಿಕೊಂಡು ಬರುವವನನ್ನು ಗುಜರಿ ಅಂಗಡಿಯವರೂ ಅನುಮಾನದಿಂದಲೇ ನೋಡುತ್ತಾರೆ. ಹಲವು ವರ್ಷಗಳಿಂದ ನನ್ನ ಹವ್ಯಾಸ ಇದು. ಇದರಲ್ಲೊಂದು ಅನುಕೂಲವೂ ಇದೆ. ಕೋವಿ ಇಟ್ಟುಕೊಳ್ಳಬೇಕಾದರೆ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿ ಬೇಕು. ಕೋವಿ ನಿಂತಿದ್ದ ಮರಕ್ಕೆ ಯಾರ ಅಪ್ಪಣೆಯೂ ಬೇಡ.

ರ್‍ಯಾಕಿನ ರಚನೆ ಸರಳ. ಕೆಳಗೆ ಕೋವಿಯ ಹಿಡಿ ಕೂರಲು ತಗ್ಗು ತೋಡಿದ ದಪ್ಪ ಹಲಗೆ, ಮೇಲೆ ನಳಿಗೆ ಒರಗಲು ಅರ್ಧಚಂದ್ರಾಕಾರದ ಕಚ್ಚುಗಳಿರುವ ಪಟ್ಟಿ, ನಡುವೆ ಕುದುರೆಯ ಕಾಪಿನ ಬಳೆಗಳೊಳಗೆ ತೂರಿಸಿ ಬೀಗ ಹಾಕಲು ಒಂದು ಕಬ್ಬಿಣದ ಸರಳು. ಇವುಗಳ ನಡುವಿನ ಅಂತರವನ್ನು ಅಳೆದರೆ ಅಲ್ಲಿ ಯಾವ ತಲೆಮಾರಿನ ಕೋವಿ ನಿಂತಿತ್ತೆಂದು ಬಹುಮಟ್ಟಿಗೆ ಊಹಿಸಬಹುದು. 1853ರ ಎನ್‌ಫೀಲ್ಡ್ ಕೋವಿಯ ಉದ್ದ ಸುಮಾರು 55 ಅಂಗುಲ. ಅನಂತರ ಬಂದ ಮಾರ್ಟಿನಿ-ಹೆನ್ರಿಯದು ಸುಮಾರು 49. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಬಂದ ಗಿಡ್ಡ ಲೀ-ಎನ್‌ಫೀಲ್ಡ್, ನಮ್ಮ ಪೊಲೀಸರ ಕೈಯಲ್ಲಿ ತೀರ ಇತ್ತೀಚಿನವರೆಗೂ ಕಾಣುತ್ತಿದ್ದ ‘ತ್ರೀ ನಾಟ್ ತ್ರೀ’, 44.5 ಅಂಗುಲ. ನನ್ನ ಬಳಿಯಿರುವ ಎರಡು ರ್‍ಯಾಕುಗಳಲ್ಲಿ ಒಂದರ ಮೇಲಿನ ಪಟ್ಟಿಯನ್ನು ಕಳಚಿ ಕೆಳಗಿಳಿಸಿ ಮತ್ತೆ ಬಿಗಿದ ಗುರುತಿದೆ. ಹಳೆಯ ತಿರುಪಿನ ತೂತುಗಳಿಗೆ ಯಾರೋ ಬಡಗಿ ಮರದ ಬೆಣೆ ಬಡಿದಿದ್ದಾನೆ. ಕೋವಿ ಬದಲಾದರೂ ಸರ್ಕಾರ ಹೊಸ ಮರಕ್ಕೆ ದುಡ್ಡು ಬಿಚ್ಚಲಿಲ್ಲ!

ಅಳತೆ ಎಲ್ಲವನ್ನೂ ಹೇಳುವುದಿಲ್ಲ ಎಂಬುದೂ ನಿಜ. 1857ರ ದಂಗೆಯ ಬಳಿಕ ಭಾರತೀಯ ಸಿಪಾಯಿಗಳಿಗೆಂದು ಬ್ರಿಟಿಷರು ಒಂದು ವಿಶೇಷ ಕೋವಿ ಮಾಡಿಸಿದರು. ಹೊರನೋಟಕ್ಕೆ ಅದು ಎನ್‌ಫೀಲ್ಡೇ. ಒಳಗೆ ಮಾತ್ರ ನಳಿಗೆಯ ಸುರುಳಿಗೆರೆಗಳನ್ನು ಕೊರೆದು ತೆಗೆದು ನುಣುಪುಗೊಳಿಸಲಾಗಿತ್ತು. ಸುರುಳಿಗೆರೆಯಿಲ್ಲದ ನಳಿಗೆಯಿಂದ ಹೊರಟ ಗುಂಡನ್ನು ದೂರದ ಗುರಿಗೆ ನೆಚ್ಚುವಂತಿರಲಿಲ್ಲ. ಗೋರಾ ಸೈನಿಕನ ಕೋವಿ, ಕರಿಯ ಸೈನಿಕನ ಕೋವಿ ಎರಡೂ ಒಂದೇ ಅಳತೆಯ ಕಚ್ಚಿನಲ್ಲಿ ಕೂರುತ್ತಿದ್ದವು. ವ್ಯತ್ಯಾಸ ಗೊತ್ತಾಗುತ್ತಿದ್ದುದು ಯುದ್ಧಭೂಮಿಯಲ್ಲಿ. ಮುಂದೆಯೂ ದೇಶಿ ಪಲ್ಟನ್ನುಗಳಿಗೆ ಸಾಮಾನ್ಯವಾಗಿ ಒಂದು ತಲೆಮಾರು ಹಿಂದಿನ ಕೋವಿಯೇ ಗತಿಯಾಯಿತು.

ಈ ಭಯದ ಮೂಲ ಹುಡುಕಿದರೆ ನಾವು ಮತ್ತೆ ರ್‍ಯಾಕಿನ ಬಳಿಗೇ ಬರುತ್ತೇವೆ. ಕಂಪನಿಯ ಸೈನ್ಯದಲ್ಲಿ ಸಿಪಾಯಿ ಕೋವಿಯನ್ನು ತನ್ನ ಗುಡಿಸಲಿಗೆ ಒಯ್ಯುವಂತಿರಲಿಲ್ಲ. ಪ್ರತಿ ತುಕಡಿಯ ಸಾಲಿನೆದುರು ಒಂದು ಪುಟ್ಟ ಕಟ್ಟಡ. ಅದಕ್ಕೆ ‘ಬೆಲ್ ಆಫ್ ಆರ್ಮ್ಸ್’ ಎಂದು ಹೆಸರು. ಮೊದಲು ಆಯುಧಗಳನ್ನು ಗಂಟೆಯಾಕಾರದ ಡೇರೆಯಲ್ಲಿ ಇಡುತ್ತಿದ್ದುದರಿಂದ ಬಂದ ಹೆಸರದು. ಡೇರೆ ಹೋಗಿ ಇಟ್ಟಿಗೆಯ ಕಟ್ಟಡ ಬಂದರೂ ಗಂಟೆ ಉಳಿಯಿತು. ದಕ್ಷಿಣದ ಪೊಲೀಸ್ ಇಲಾಖೆಗಳ ಕಡತಗಳಲ್ಲಿ ಈ ಮಾತು ಇನ್ನೂ ಜೀವಂತವಾಗಿದೆ.

1857ರ ಫೆಬ್ರವರಿ 26ರಂದು ಬಂಗಾಳದ ಬೆಹ್ರಾಂಪುರದಲ್ಲಿ 19ನೇ ದೇಶಿ ಪದಾತಿ ದಳದ ಸಿಪಾಯಿಗಳು, ಹೊಸ ತೋಟಾಗಳ ಕುರಿತ ಗುಮಾನಿಯಿಂದ, ಮರುದಿನದ ಕವಾಯತಿಗೆಂದು ಕೊಟ್ಟ ಸಿಡಿಟೋಪಿಗಳನ್ನು ಒಲ್ಲೆವೆಂದರು. ಆ ರಾತ್ರಿ ಅವರು ಒಡೆದದ್ದು ಖಜಾನೆಯನ್ನಲ್ಲ, ಈ ‘ಬೆಲ್’ಗಳ ಬೀಗವನ್ನು. ಮಾರ್ಚ್ 31ರಂದು ಬ್ಯಾರಕ್‌ಪುರದಲ್ಲಿ ಆ ಪಲ್ಟನ್ನನ್ನೇ ವಿಸರ್ಜಿಸಲಾಯಿತು. ಮೇ 10ರಂದು ಮೀರತ್‌ನಲ್ಲಿಯೂ ದಂಗೆಯೆದ್ದವರು ಮೊದಲು ಕೈಹಾಕಿದ ಸ್ಥಳಗಳಲ್ಲಿ ಇದೂ ಒಂದು. ಮಂಗಲ್ ಪಾಂಡೆ ಎಲ್ಲರಿಗೂ ಗೊತ್ತು. ಮುರಿದುಬಿದ್ದ ಆ ಬಾಗಿಲುಗಳ ನೆನಪು ಯಾರಿಗೂ ಇಲ್ಲ. ಸರಳು, ಬೀಗ, ಬೀಗದ ಕೈ ಯಾರ ಬಳಿ ಇರುತ್ತಿತ್ತು ಎಂಬ ವಿವರ, ಇಷ್ಟು ಸಿಕ್ಕರೆ ಆಳುವವನು ತನ್ನ ಸೈನಿಕನನ್ನು ಎಷ್ಟು ನಂಬಿದ್ದನೆಂದು ತಿಳಿಯುತ್ತದೆ. ಕೋವಿಯನ್ನು ಎಷ್ಟು ತಿರುಗಿಸಿ ನೋಡಿದರೂ ಅದು ತಿಳಿಯುವುದಿಲ್ಲ.

ಇದಕ್ಕೆ ತದ್ವಿರುದ್ಧವಾದ ವ್ಯವಸ್ಥೆ ನಮ್ಮ ಕೊಡಗಿನಲ್ಲಿದೆ. ಅಲ್ಲಿ ಕೋವಿ ಇರುವುದು ಮನೆಯಲ್ಲಿ. ಕೈಲ್ ಪೋಳ್ದ್ ಹಬ್ಬದಂದು ದೇವರ ಕೋಣೆಯಲ್ಲಿ ಅದಕ್ಕೆ ತೋಕ್‌ಪೂ ಮುಡಿಸಿ ಪೂಜಿಸುತ್ತಾರೆ. ಬ್ರಿಟಿಷರ ಕಾಲದಿಂದ ಬಂದ ಪರವಾನಗಿ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಇನ್ನೂ ಹತ್ತು ವರ್ಷ ವಿಸ್ತರಿಸಿದೆ. ನಂಬಿಕೆ ಇದ್ದಲ್ಲಿ ಕೋವಿ ದೇವರ ಪಕ್ಕ, ಇಲ್ಲದಲ್ಲಿ ಕಬ್ಬಿಣದ ಸರಳಿನ ಹಿಂದೆ!

ಆಸ್ಟ್ರಿಯದ ಗ್ರಾಜ್ ನಗರದಲ್ಲಿ 1640ರ ದಶಕದಲ್ಲಿ ಕಟ್ಟಿದ ಪ್ರಾಂತೀಯ ಶಸ್ತ್ರಾಗಾರವಿದೆ. ಸುಮಾರು 32,000 ಆಯುಧ, ಕವಚಗಳು ನಾಲ್ಕು ಮಹಡಿಗಳಲ್ಲಿ ಹಳೆಯ ಮರದ ಚೌಕಟ್ಟುಗಳ ನಡುವೆಯೇ ಉಳಿದಿವೆ. 1749ರಲ್ಲಿ ರಾಣಿ ಮರಿಯಾ ಥೆರೇಸಾ ಅದನ್ನು ಮುಚ್ಚಿಸಲು ಹೊರಟಾಗ ಆ ಪ್ರಾಂತದ ಪ್ರತಿನಿಧಿ ಸಭೆಯವರು ಬೇಡಿಕೊಂಡು ಉಳಿಸಿಕೊಂಡರು. ನಾವೂ ಮನಸ್ಸು ಮಾಡಿದರೆ ಅಸಮರ್ಥರಲ್ಲ: ಶ್ರೀರಂಗಪಟ್ಟಣದಲ್ಲಿ ಜೋಡಿ ರೈಲು ಹಳಿಗಾಗಿ ಟಿಪ್ಪುವಿನ ಕಾಲದ ಶಸ್ತ್ರಾಗಾರದ ಕಟ್ಟಡವೊಂದನ್ನು 2017ರಲ್ಲಿ ಇಡಿಯಾಗಿ ಎತ್ತಿ ನೂರು ಮೀಟರಿಗೂ ಹೆಚ್ಚು ದೂರ ಸರಿಸಿ ಕೂರಿಸಲಾಯಿತು. ಆದರೆ ಆ ಕಾಳಜಿ ಗೋಡೆಗಳಿಗೆ ಮೀಸಲು. ಒಳಗಿನ ಮರಮುಟ್ಟು ನಮ್ಮ ಲೆಕ್ಕದಲ್ಲಿ ಪರಂಪರೆಯಲ್ಲ.

ಉತ್ತರ ಪ್ರದೇಶದ ಪೊಲೀಸರು 2020ರ ಗಣರಾಜ್ಯೋತ್ಸವದಲ್ಲಿ ‘ತ್ರೀ ನಾಟ್ ತ್ರೀ’ಗೆ ವಿದಾಯ ಹೇಳಿದಾಗ ಅದು ದೊಡ್ಡ ಸುದ್ದಿಯಾಯಿತು. ಕೋವಿ ಹೋದಲ್ಲಿ ಅದರ ಅಳತೆಗೆ ಮಾಡಿದ ರ್‍ಯಾಕಿಗೂ ಕೆಲಸವಿಲ್ಲ. ಹರಾಜಿಗೆ ಬಂದ ತೇಗ ಪೀಠೋಪಕರಣದವರ ಪಾಲು, ಕಾಡುಮರ ಒಲೆಯ ಪಾಲು. ನನ್ನ ಎರಡನೆಯ ರ್‍ಯಾಕು ಸಿಕ್ಕಿದ್ದು ಒಂದು ಹೋಟೆಲಿನ ಅಡುಗೆಮನೆಯ ಹಿಂದೆ. ಅದರ ಕಚ್ಚುಗಳಲ್ಲಿ ಸೌಟು, ಜಾಲರಿಗಳು ತೂಗುತ್ತಿದ್ದವು.

ಎಲ್ಲವನ್ನೂ ವಸ್ತುಸಂಗ್ರಹಾಲಯಕ್ಕೆ ಸಾಗಿಸಿ ಎಂದು ನಾನು ಕೇಳುತ್ತಿಲ್ಲ. ಅಲ್ಲಿ ಸ್ಥಳವಿಲ್ಲ, ಗೆದ್ದಲಿಗೆ ಔಷಧಿಯಿಲ್ಲ. ಹರಾಜಿನ ಪಟ್ಟಿಗೆ ಸೇರಿಸುವ ಮುನ್ನ ಪ್ರತಿ ರ್‍ಯಾಕಿನ ಎತ್ತರ, ಕಚ್ಚುಗಳ ಸಂಖ್ಯೆ ಮತ್ತು ಅಂತರ, ಮರದ ಮೇಲೆ ಒತ್ತಿದ ಅಂಕಿ-ಅಕ್ಷರಗಳು ಹಾಗೂ ಅದು ಯಾವ ಠಾಣೆ ಅಥವಾ ಮೈದಾನದಿಂದ ಬಂತೆಂಬುದನ್ನು ಬರೆದಿಟ್ಟು ಎರಡು ಛಾಯಾಚಿತ್ರ ತೆಗೆದು ಜಿಲ್ಲಾ ಪತ್ರಾಗಾರಕ್ಕೆ ಕಳುಹಿಸಿದರೆ ಸಾಕು. ಒಬ್ಬ ಪೇದೆ, ಒಂದು ಟೇಪು, ಅರ್ಧ ದಿನದ ಕೆಲಸ.