ಮಾಳಿಗೆಯ ಮೇಲೊಂದು ಕೋಣೆ: ಭಾರ ಹೊರುವುದು ಯಾವುದು?

ಗದಗ: ಮಗನ ಮದುವೆ ಗೊತ್ತಾದಾಗಲೋ, ಅಣ್ಣ-ತಮ್ಮಂದಿರ ನಡುವೆ ವಾಟಣಿಯಾಗಿ ಇದ್ದ ಮನೆ ಅರ್ಧವಾದಾಗಲೋ ಕುರ್ತಕೋಟಿಯಂತಹ ಊರುಗಳಲ್ಲಿ ಕುಟುಂಬದವರ ದೃಷ್ಟಿ ಮೊದಲು ಹರಿಯುವುದು ಮಾಳಿಗೆಯ ಕಡೆಗೆ. ಹಳೆಯ ಓಣಿಗಳಲ್ಲಿ ಮನೆಗಳು ಒಂದಕ್ಕೊಂದು ಹೊಂದಿಕೊಂಡಿರುವುದರಿಂದ ಪಕ್ಕಕ್ಕೆ ವಿಸ್ತರಿಸಲು ಜಾಗವಿರುವುದಿಲ್ಲ. ಇರುವ ಮನೆಯ ಮೇಲೆಯೇ ಕೋಣೆ ಏರಿಸಿದರೆ ನಿವೇಶನದ ಖರ್ಚು ಉಳಿಯುತ್ತದೆ ಎಂಬ ಆಲೋಚನೆ ಸಹಜವಾದುದೇ. ಆದರೆ ಹಣದ ಲೆಕ್ಕಕ್ಕಿಂತ ಮೊದಲು ಇಲ್ಲಿ ಹಾಕಬೇಕಾದುದು ತೂಕದ ಲೆಕ್ಕ.

ಈ ಭಾಗದ ಹಳೆಯ ಮನೆಗಳ ಮೇಲ್ಛಾವಣಿ ಮಣ್ಣಿನದು. ಕಂಬಗಳ ಮೇಲೆ ತೊಲೆ, ತೊಲೆಗಳ ಮೇಲೆ ಜಂತಿ, ಅದರ ಮೇಲೆ ಹಲಗೆ ಅಥವಾ ಕಟ್ಟಿಗೆಯ ಹಾಸು, ಎಲ್ಲಕ್ಕೂ ಮೇಲೆ ಮಣ್ಣು. ಒಂದು ಘನ ಮೀಟರ್ ಒಣ ಮಣ್ಣು 1,600ರಿಂದ 1,800 ಕಿಲೋ ತೂಗುತ್ತದೆ. ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದದ ಕೋಣೆಯ ಮೇಲೆ ಒಂದು ಅಡಿ ಮಣ್ಣಿದ್ದರೆ ತೊಲೆಗಳು ಈಗಾಗಲೇ ಐದೂವರೆಯಿಂದ ಆರು ಟನ್ ಹೊತ್ತಿವೆ ಎಂದರ್ಥ. ಮಳೆಯಲ್ಲಿ ತೊಯ್ದಾಗ ಈ ತೂಕ ಇನ್ನೂ ಹೆಚ್ಚುತ್ತದೆ. ಸೋರುವುದನ್ನು ತಡೆಯಲು ಮಳೆಗಾಲಕ್ಕೆ ಮುನ್ನ ಸವಳು ಮಣ್ಣು ಹರಡುವ ರೂಢಿಯಿದೆಯಷ್ಟೆ. ಹಾಗೆ ಸೇರಿಸುವ ಒಂದೊಂದು ಇಂಚು ಮಣ್ಣೂ ಅಷ್ಟೇ ಅಳತೆಯ ಕೋಣೆಯ ಮೇಲೆ ಸುಮಾರು ಐದು ಕ್ವಿಂಟಲ್ ಭಾರ ಹೇರುತ್ತದೆ. ಅಜ್ಜನ ಕಾಲದಿಂದ ಹಾಕುತ್ತ ಬಂದ ಮಣ್ಣನ್ನು ಕೆಳಗಿಳಿಸಿದವರು ಕಡಿಮೆ.

ಇದರ ಮೇಲೆ ಹೊಸ ಕೋಣೆ ಬಂದರೆ ಏನಾಗುತ್ತದೆ? ನಾಲ್ಕು ಇಂಚಿನ ಕಾಂಕ್ರೀಟ್ ಸ್ಲ್ಯಾಬ್‌ನ ತೂಕ ಮೂರು ಟನ್‌ಗೆ ಸಮೀಪ. ಬಹಳಷ್ಟು ಜನ ಸ್ಲ್ಯಾಬನ್ನೇ ದೊಡ್ಡ ಭಾರವೆಂದು ಭಾವಿಸುತ್ತಾರೆ. ವಾಸ್ತವದಲ್ಲಿ ಹೆಚ್ಚು ತೂಗುವುದು ಗೋಡೆ. ಒಂಬತ್ತು ಇಂಚು ದಪ್ಪದ ಇಟ್ಟಿಗೆ ಗೋಡೆಯನ್ನು ಸುತ್ತಲೂ ಹತ್ತು ಅಡಿ ಏರಿಸಿದರೆ, ಬಾಗಿಲು ಕಿಟಕಿಗಳ ಜಾಗ ಬಿಟ್ಟರೂ ಹದಿನೈದು ಟನ್ ಆಗುತ್ತದೆ. ಜನ, ಮಂಚ, ಸಾಮಾನುಗಳಿಗೆಂದು ಭಾರತೀಯ ಮಾನಕವು ವಾಸದ ಕೋಣೆಗೆ ಚದರ ಮೀಟರ್‌ಗೆ 200 ಕಿಲೋ ಹಿಡಿಯಬೇಕೆನ್ನುತ್ತದೆ; ಅದು ಇನ್ನೆರಡು ಟನ್. ಒಟ್ಟು ಇಪ್ಪತ್ತು ಟನ್‌ಗಳನ್ನು ಮಣ್ಣಿನ ಗೋಡೆ ಮತ್ತು ಹಳೆಯ ತೊಲೆಗಳ ಮೇಲೆ ಇಡುವುದು ಯಾವ ದೃಷ್ಟಿಯಿಂದಲೂ ಸಲ್ಲದು.

ಎರಡಡಿ ದಪ್ಪದ ಗೋಡೆ ನೋಡುವವರಿಗೆ ಧೈರ್ಯ ಕೊಡುತ್ತದೆ. ಆದರೆ ಕೆಸರಿನಲ್ಲಿ ಕಟ್ಟಿದ ಕಲ್ಲಿನ ಅಥವಾ ಹಸಿ ಇಟ್ಟಿಗೆಯ ಗೋಡೆಯ ಬಲ ಅದು ಒಣಗಿರುವವರೆಗೆ ಮಾತ್ರ. 2019ರ ಆಗಸ್ಟ್‌ನಲ್ಲಿ ಮಲಪ್ರಭಾ ಪ್ರವಾಹ ನರಗುಂದ, ರೋಣ ತಾಲ್ಲೂಕುಗಳ ಹಳ್ಳಿಗಳಿಗೆ ನುಗ್ಗಿದಾಗ ಮಣ್ಣಿನ ಮನೆಗಳ ಗತಿ ಏನಾಯಿತೆಂಬುದನ್ನು ಜಿಲ್ಲೆ ಕಂಡಿದೆ. ನದಿ ದೂರವಿರುವ ಊರುಗಳಲ್ಲಿಯೂ ವಾರಗಟ್ಟಲೆ ಹಿಡಿಯುವ ಜಿಟಿಜಿಟಿ ಮಳೆ ಇದೇ ಕೆಲಸವನ್ನು ಸದ್ದಿಲ್ಲದೆ ಮಾಡುತ್ತದೆ.

ಆದ್ದರಿಂದ ಯೋಜನೆ ಆರಂಭವಾಗಬೇಕಾದುದು ಮನೆಯ ಪರೀಕ್ಷೆಯಿಂದ. ತೊಲೆಯ ಎರಡು ತುದಿಗಳ ನಡುವೆ ದಾರ ಬಿಗಿದು ನೋಡಿದರೆ ಅದು ಎಷ್ಟು ಬಾಗಿದೆ ಎಂಬುದು ತಿಳಿಯುತ್ತದೆ. ಗೋಡೆಯೊಳಗೆ ಸೇರಿದ ತುದಿಗಳಲ್ಲಿ ಗೆದ್ದಲು, ಲಡ್ಡು ಹಿಡಿದಿರುವ ಸಾಧ್ಯತೆ ಹೆಚ್ಚು. ಬಡಿಗೇರರು ಉಳಿಯಿಂದ ಚುಚ್ಚಿ ನೋಡುವುದು ಅಲ್ಲಿಯೇ. ಗೋಡೆಯ ಬುಡದಲ್ಲಿ ಸವಳು ಏರಿ ಮಣ್ಣು ಉದುರುತ್ತಿದ್ದರೆ ಮೇಲಿನ ಮಾತು ಬಿಟ್ಟು ಮೊದಲು ಬುಡವನ್ನು ದುರಸ್ತಿ ಮಾಡಬೇಕು.

ಮಾಳಿಗೆಯ ಮೇಲೆ ಕೋಣೆ ಬೇಕೇಬೇಕೆಂದರೆ ಕ್ಷೇಮಕರವಾದ ದಾರಿ ಒಂದೇ. ಹಳೆಯ ಗೋಡೆಗಳನ್ನು ಅವುಗಳ ಪಾಡಿಗೆ ಬಿಟ್ಟು, ಹೊಸ ಕಾಂಕ್ರೀಟ್ ಅಥವಾ ಕಬ್ಬಿಣದ ಕಂಬಗಳನ್ನು ನೆಲದಿಂದಲೇ ಎಬ್ಬಿಸಿ, ಮೇಲಿನ ಕೋಣೆಯ ಸಂಪೂರ್ಣ ಭಾರ ಅವುಗಳ ಮೂಲಕವೇ ನೆಲಕ್ಕಿಳಿಯುವಂತೆ ಮಾಡುವುದು. ಮೇಲಿನ ಗೋಡೆಗೆ ಇಟ್ಟಿಗೆಯ ಬದಲು ಮೂರನೆಯ ಒಂದು ಪಾಲಿನಷ್ಟು ಮಾತ್ರ ತೂಗುವ ಎಎಸಿ ಬ್ಲಾಕ್ ಬಳಸಿದರೆ ಕಂಬ, ಬುನಾದಿಗಳ ಖರ್ಚೂ ತಗ್ಗುತ್ತದೆ. ತಗಡಿನ ಕೋಣೆ ಇನ್ನೂ ಹಗುರ. ಆದರೆ ಕಪ್ಪತಗುಡ್ಡದ ಸಾಲಿನಲ್ಲಿ ಗಾಳಿಯಂತ್ರಗಳು ಸುಮ್ಮನೆ ನಿಂತಿಲ್ಲ. ಮೇ ತಿಂಗಳ ಬಿರುಗಾಳಿಗೆ ತಗಡು ಹಾರದಂತೆ ಕಂಬಗಳಿಗೆ ಬೋಲ್ಟ್ ಹಾಕಿ ಬಿಗಿಯಬೇಕು. ತಗಡಿನ ಮೇಲೆ ಕಲ್ಲು ಹೇರುವ ರೂಢಿ ಕೆಳಗೆ ಓಡಾಡುವವರಿಗೆ ಅಪಾಯಕಾರಿ.

ಇನ್ನು ಬುನಾದಿಯ ವಿಷಯ. ಎರೆ ಮಣ್ಣು ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಕೈ ಹಿಡಿಸುವಷ್ಟು ಬಿರಿಯುತ್ತದೆ. ಎರೆಯ ಮೇಲೆ ಆಳವಿಲ್ಲದೆ ನಿಲ್ಲಿಸಿದ ಕಂಬ ವರ್ಷಕ್ಕೊಮ್ಮೆ ಏರಿಳಿದು ಗೋಡೆಯನ್ನು ಸೀಳುತ್ತದೆ. ಗಟ್ಟಿ ಗರಸು ಸಿಗುವವರೆಗೆ ಅಗೆಯಬೇಕೆಂದು ಅನುಭವಿ ಗೌಂಡಿಗಳು ಹೇಳುವುದು ಇದೇ ಕಾರಣಕ್ಕೆ. ಗರಸು ತೀರ ಆಳದಲ್ಲಿದ್ದರೆ, ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಬೆಳೆಸಿದ, ತಳದಲ್ಲಿ ಗಂಟೆಯಾಕಾರಕ್ಕೆ ಅಗಲವಾಗುವ ಪೈಲ್ ಬುನಾದಿ ಉಪಯುಕ್ತ. ಸುಮಾರು ಮೂರೂವರೆ ಮೀಟರ್ ಆಳಕ್ಕೆ ಹೋದರೆ ಋತುಮಾನದ ಉಬ್ಬುತಗ್ಗು ಬಹುಮಟ್ಟಿಗೆ ತಟ್ಟುವುದಿಲ್ಲ. ಆದರೆ ಹಳೆಯ ಗೋಡೆಗೆ ತಾಗಿ ಗುಂಡಿ ತೋಡುವಾಗ ಒಮ್ಮೆಗೆ ಒಂದೊಂದನ್ನೇ ತೋಡಿ ತುಂಬಬೇಕು. ಎಲ್ಲವನ್ನೂ ಒಟ್ಟಿಗೆ ತೆರೆದಿಟ್ಟರೆ ಗೋಡೆಯ ಬುಡವೇ ಜಾರೀತು.

ಕೋಣೆಯೊಳಗೆ ಅಟ್ಟ ಹಾಕಿ ಮಲಗಲು ಬಳಸಬಹುದೇ ಎಂದು ಕೇಳುವವರೂ ಇದ್ದಾರೆ. ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ಅಟ್ಟ ಸಾಮಾನು ಇಡುವ ಜಾಗ. ವಾಸದ ಕೋಣೆಗೆ 2.75 ಮೀಟರ್, ಅಂದರೆ ಒಂಬತ್ತು ಅಡಿ ಎತ್ತರ ಬೇಕು. ಹಳ್ಳಿಗೆ ಬಂದು ಇದನ್ನು ಯಾರೂ ಅಳೆಯುವುದಿಲ್ಲವಾದರೂ, ಹನ್ನೆರಡು ಅಡಿ ಎತ್ತರದ ಕೋಣೆಯನ್ನು ಎರಡು ಮಾಡಿದರೆ ಮೇಲೂ ಕೆಳಗೂ ತಲೆ ತಾಗುವುದು ನಿಶ್ಚಿತ. ಚಳಿ ದೇಶಗಳಲ್ಲಿ ಕಡಿದಾದ ಛಾವಣಿಯ ಕೆಳಗಿನ ಜಾಗವನ್ನು ಮಲಗುವ ಕೋಣೆಯಾಗಿಸುವುದು ಸಾಮಾನ್ಯ. ನಮ್ಮಲ್ಲಿ ಅಂಥ ಜಾಗವಿರುವುದು ಹಂಚಿನ ಮನೆಗಳಲ್ಲಿ ಮಾತ್ರ. ಬೆಟಗೇರಿಯಲ್ಲಿಯೂ ಕೇಂದ್ರ ಹೊಂದಿದ್ದ ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ತೆರೆದು ಜನಪ್ರಿಯಗೊಳಿಸಿದ ಆ ಹಂಚಿನ ಕೆಳಗೆ ಏಪ್ರಿಲ್ ಮಧ್ಯಾಹ್ನ ಕುಳಿತವರಿಗೆ ಹೆಚ್ಚು ವಿವರಣೆ ಬೇಡ. ಗಾಳಿ ಆಡುವ ಕಿಟಕಿ, ಹಂಚಿನ ಕೆಳಗೊಂದು ಹಲಗೆಯ ಮರೆ ಇಲ್ಲದೆ ಅಲ್ಲಿ ವಾಸ ಕಷ್ಟ.

ಮೇಲಿನ ಕೋಣೆಯ ನಕ್ಷೆ ಬರೆಯುವಾಗ ಜನ ಮರೆಯುವ ಸಂಗತಿಗಳು ಎರಡು. ಒಂದು, ಬೆಳಕಿಂಡಿ. ಅಕ್ಕಪಕ್ಕದಲ್ಲಿ ಕಿಟಕಿಯಿಲ್ಲದ ಮನೆಯ ನಡುಮನೆಗೂ ಅಡುಗೆಮನೆಗೂ ಬೆಳಕು, ಹೊಗೆ ಹೋಗುವ ದಾರಿ ಅದೊಂದೇ. ಮಾಳಿಗೆಯ ಮೇಲೆ ಕೋಣೆ ಕಟ್ಟಿ ಅದನ್ನು ಮುಚ್ಚಿದರೆ ಮೇಲೆ ಒಂದು ಕೋಣೆ ಸಿಕ್ಕು ಕೆಳಗೆ ಎರಡು ಕತ್ತಲಾಗುತ್ತವೆ. ಇನ್ನೊಂದು, ಮೆಟ್ಟಿಲು. ಹನ್ನೊಂದು ಅಡಿ ಏರಲು ಏಳೂವರೆ ಇಂಚಿನ ಹದಿನೆಂಟು ಮೆಟ್ಟಿಲು ಬೇಕು. ನೇರವಾಗಿ ಇಟ್ಟರೆ ಹದಿನಾಲ್ಕು ಅಡಿ ಉದ್ದ. ಮನೆಯೊಳಗೆ ಜಾಗವಿಲ್ಲವೆಂದು ಅದನ್ನು ಓಣಿಗೆ ಚಾಚಿದರೆ ಬಂಡಿ ತಿರುಗುವಲ್ಲಿ ನಿತ್ಯವೂ ಜಗಳ.

ಹೊಸ ಕಟ್ಟಡಕ್ಕಷ್ಟೇ ಅಲ್ಲದೆ ಇರುವ ಮನೆಗೆ ಏನನ್ನಾದರೂ ಸೇರಿಸುವುದಕ್ಕೂ ಗ್ರಾಮ ಪಂಚಾಯಿತಿಯ ಅನುಮತಿ ಬೇಕೆಂದು 1993ರ ಪಂಚಾಯತ್ ರಾಜ್ ಅಧಿನಿಯಮದ 64ನೇ ಪ್ರಕರಣ ಹೇಳುತ್ತದೆ. ಮನೆ ಇನ್ನೂ ಅಜ್ಜನ ಹೆಸರಿನಲ್ಲಿದ್ದರೆ ವಾರಸಾ ಬದಲಾವಣೆ ಮಾಡಿಸಿ, ಇ-ಸ್ವತ್ತು ನಮೂನೆ 9 ಮತ್ತು 11ಎ ಪಡೆದಿಟ್ಟುಕೊಳ್ಳುವುದು ಒಳಿತು. ಬ್ಯಾಂಕುಗಳು ಸಾಲಕ್ಕೆ ಮೊದಲು ಕೇಳುವುದು ಇವನ್ನೇ. ಎರಡು ಮನೆಗಳಿಗೂ ಸೇರಿದ ನಡುಗೋಡೆಯ ಬಳಿ ಕಂಬ ಎಬ್ಬಿಸುವ ಮುನ್ನ ನೆರೆಯವರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಬೇಕು. ನೆರೆಯವರು ಒಡಹುಟ್ಟಿದವರೇ ಆಗಿದ್ದರೆ ಈ ಮಾತು ಇನ್ನೂ ಹೆಚ್ಚು ಅನ್ವಯಿಸುತ್ತದೆ.

ಕೋಣೆ ಕಟ್ಟದಿದ್ದರೂ ಮಾಳಿಗೆಯ ಹಳೆಯ ಮಣ್ಣನ್ನು ತಜ್ಞರ ಸಲಹೆ ಪಡೆದು ಎರಡೂ ಬದಿಯಿಂದ ಸಮನಾಗಿ ಕೆರೆದು ಇಳಿಸುವುದು ಲಾಭದಾಯಕ. ಕೆಲಸಕ್ಕೆ ತಕ್ಕ ಕಾಲವೆಂದರೆ ಹಿಂಗಾರಿ ಜೋಳ, ಕಡಲೆಯ ಸುಗ್ಗಿ ಮುಗಿದ ಮೇಲಿನ ದಿನಗಳು. ಮಣ್ಣು ತೆಗೆದ ಮೇಲೆ ಒಂದೇ ಒಂದು ಅಡ್ಡಮಳೆ ಬಿದ್ದರೂ ಗೋಡೆಯ ತಲೆ ತೊಯ್ಯುವುದರಿಂದ, ಗುದ್ದಲಿ ಹಾಕುವ ಮೊದಲೇ ಇಡೀ ಮಾಳಿಗೆ ಮುಚ್ಚುವಷ್ಟು ತಾಡಪತ್ರಿ ಮನೆಯಲ್ಲಿರಬೇಕು.