ತೋಟದ ಮೂಲೆಯ ಶಿಲುಬೆ



ನವೆಂಬರ್ 2 ಮೃತ ವಿಶ್ವಾಸಿಗಳೆಲ್ಲರ ಸ್ಮರಣೆಯ ದಿನ. ಹಿಂದಿನ ದಿನವೇ ಸಮಾಧಿಗಳ ಮೇಲಿನ ಹುಲ್ಲು ಕಿತ್ತು, ಸುಣ್ಣ ಬಳಿದು, ಸೇವಂತಿಗೆ ಹೂವಿನಿಂದ ಶಿಲುಬೆಯ ಗುರುತು ಮಾಡಿ, ಸಂಜೆ ಮೇಣದಬತ್ತಿ ಹಚ್ಚುತ್ತೇವೆ. ಬಲಿಪೂಜೆ ಮುಗಿದ ಮೇಲೆ ನಾವು ತೀರ್ಥ ಚಿಮುಕಿಸುತ್ತಾ ಸಾಲುಗಳ ನಡುವೆ ನಡೆದು ಬರುವಾಗ ಪ್ರತಿ ಕುಟುಂಬವೂ ತನ್ನವರ ತಲೆದೆಸೆಯಲ್ಲಿ ನಿಂತಿರುತ್ತದೆ. ಆದರೆ ಪ್ರತಿ ವರ್ಷವೂ ಒಂದಿಬ್ಬರು ಕೈಯಲ್ಲಿ ಮೇಣದಬತ್ತಿ ಹಿಡಿದು ಅತ್ತಿತ್ತ ಅಲೆಯುತ್ತಿರುತ್ತಾರೆ. ಬೆಂಗಳೂರಿನಿಂದ ಬೆಳಗಿನ ರೈಲಿಗೆ ಬಂದವರು. "ಸ್ವಾಮಿ, ನಮ್ಮ ತಾತನ್ನ ಇಲ್ಲೇ ಎಲ್ಲೋ ಮಣ್ಣು ಮಾಡಿದ್ರು. ಅಪ್ಪ ಇದ್ದಿದ್ರೆ ತೋರಿಸ್ತಿದ್ರು" ಎನ್ನುತ್ತಾರೆ. ಕೊನೆಗೆ ದೊಡ್ಡ ಶಿಲುಬೆಯ ಬುಡದಲ್ಲಿ ಬತ್ತಿ ಹಚ್ಚಿಟ್ಟು ಹೊರಡುತ್ತಾರೆ. ಈ ವರ್ಷದ ಹಬ್ಬಕ್ಕೆ ಅಂಥವರನ್ನೇ ಮನಸ್ಸಿನಲ್ಲಿಟ್ಟುಕೊಂಡು ನಾಲ್ಕು ಮಾತು ಬರೆಯುತ್ತಿದ್ದೇವೆ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಈ ತೆಂಗಿನ ಸೀಮೆಯಲ್ಲಿ ನಮ್ಮವರ ಮನೆಗಳು ಕಡಿಮೆ. ಅಕ್ಕಪಕ್ಕದವರ ವಾಡಿಕೆ ನಮಗೂ ಗೊತ್ತಿದೆ. ಇಲ್ಲಿ ಅನೇಕ ಮನೆತನಗಳು ತಮ್ಮ ಹಿರಿಯರನ್ನು ಸ್ವಂತ ತೋಟದ ಮೂಲೆಯಲ್ಲೇ ಮಣ್ಣು ಮಾಡುತ್ತವೆ. ತೋಟಕ್ಕೆ ನೀರು ಹಾಯಿಸಲು ಹೋದವರು ಸಮಾಧಿಗೆ ಕೈಮುಗಿದು ಬರುತ್ತಾರೆ. ಮನೆತನ ಒಟ್ಟಾಗಿರುವವರೆಗೆ ಇದು ಚೆನ್ನಾಗಿಯೇ ನಡೆಯುತ್ತದೆ. ಅಣ್ಣತಮ್ಮಂದಿರು ಹಿಸ್ಸೆಯಾದರು, ನುಸಿ ಬಂತು, ಮಳೆ ಹೋಯಿತು, ಮಕ್ಕಳು ಬೆಂಗಳೂರು ಸೇರಿದರು, ತೋಟ ಮಾರಾಟವಾಯಿತು ಎಂದಾಗ ತೊಡಕು ಶುರು. ಕೊಂಡವರು ಕೆಟ್ಟವರೇನಲ್ಲ. ಹೊಸ ಸಸಿಗೆ ಗುಣಿ ತೆಗೆಸುವ ಜೆಸಿಬಿಯವನಿಗೆ ಆ ಮಣ್ಣಿನಡಿ ಯಾರಿದ್ದಾರೆಂದು ಹೇಳುವವರು ಇಲ್ಲ, ಅಷ್ಟೆ. ಯಾವ ಮರ ವರ್ಷಕ್ಕೆ ಎಷ್ಟು ಕಾಯಿ ಬಿಡುತ್ತದೆ, ಅಟ್ಟದ ಮೇಲಿನ ಕಾಯಿ ಎಂದಿಗೆ ಕೊಬ್ಬರಿಯಾಗುತ್ತದೆ ಎಂದು ಥಟ್ಟನೆ ಹೇಳಬಲ್ಲ ಯಜಮಾನರು, ಅಜ್ಜಿಯ ಸಮಾಧಿ ಯಾವ ಸಾಲಿನಲ್ಲಿದೆ ಎಂದರೆ ತಡವರಿಸುವುದನ್ನು ನಾವು ಕಂಡಿದ್ದೇವೆ. ಪಟ್ಟಣದ ಸ್ಮಶಾನದ ಕಥೆಯೂ ಬೇರೆಯಲ್ಲ.

ಪವಿತ್ರ ಬೈಬಲ್ಲಿನಲ್ಲಿ ಅಬ್ರಹಾಮನು ಮೊದಲು ಕೊಂಡ ನೆಲ ಯಾವುದು? ವಾಗ್ದತ್ತ ನಾಡೆಲ್ಲ ನಿನ್ನದೆಂದು ದೇವರು ಹೇಳಿದ್ದರೂ ಆತನ ಹೆಸರಿಗೆ ಒಂದು ಗೇಣು ಭೂಮಿ ಇರಲಿಲ್ಲ. ಸಾರಳು ತೀರಿಕೊಂಡಾಗ ಹಿತ್ತಿಯನಾದ ಎಫ್ರೋನನಿಂದ ಮಕ್ಪೇಲದ ಹೊಲವನ್ನು ಕೊಂಡನು. ಎಫ್ರೋನನು ಪುಕ್ಕಟೆ ಕೊಡುತ್ತೇನೆಂದರೂ ಅಬ್ರಹಾಮನು ಒಪ್ಪಲಿಲ್ಲ, ಕೇಳಿದ 400 ಬೆಳ್ಳಿ ನಾಣ್ಯಗಳನ್ನು ತೂಗಿ ಕೊಟ್ಟನು. ಆದಿಕಾಂಡದ 23ನೆಯ ಅಧ್ಯಾಯವನ್ನು ಮನೆಯಲ್ಲಿ ಒಮ್ಮೆ ಓದಿ ನೋಡಿ, ನಮ್ಮ ಕ್ರಯಪತ್ರ ಓದಿದಂತೆಯೇ ಇದೆ. ಹೊಲ, ಅದರಲ್ಲಿನ ಗವಿ, ಎಲ್ಲೆಯೊಳಗಿನ ಮರಗಳು ಎಲ್ಲವೂ ಊರ ಬಾಗಿಲಲ್ಲಿ ಕೂಡಿದ ಜನರ ಎದುರಿಗೆ ಅಬ್ರಹಾಮನಿಗೆ ಸೇರಿದವು ಎಂದು ಬರೆದಿದೆ. ಮರಮಾಲ್ಕಿ ಸಹಿತ ಎಂದು ನಾವು ಬರೆಸುವುದಿಲ್ಲವೇ, ಹಾಗೆ! ಸಮಾಧಿಯ ನೆಲ ಯಾರದೋ ದಾಕ್ಷಿಣ್ಯದಲ್ಲಿ ಇರಬಾರದೆಂದು ಆ ಮುದುಕ ಅರಿತಿದ್ದನು. ಆ ಪತ್ರದ ಬಲದಿಂದಲೇ, ಮೊಮ್ಮಗ ಯಕೋಬನು ಈಜಿಪ್ಟಿನಲ್ಲಿ ಸಾಯುವಾಗ ಹೊಲದ ಹೆಸರು, ಮಾರಿದವನ ಹೆಸರು, ಅಲ್ಲಿ ಯಾರು ಯಾರನ್ನು ಹೂಳಿದೆ ಎಂಬುದನ್ನೆಲ್ಲ ಮಕ್ಕಳಿಗೆ ಬಾಯಲ್ಲಿ ಹೇಳಿ, ತನ್ನನ್ನೂ ಅಲ್ಲಿಗೇ ಒಯ್ಯಿರಿ ಎಂದನು.

ನಮ್ಮ ನಾಡಿನಲ್ಲೇ ಕಣ್ಣಿಗೆ ಕಾಣುವ ಸಾಕ್ಷಿ ಬೇಕೆಂದರೆ ಶ್ರೀರಂಗಪಟ್ಟಣಕ್ಕೆ ಹೋದಾಗ ಕಾವೇರಿ ದಡದ ಗ್ಯಾರಿಸನ್ ಸ್ಮಶಾನವನ್ನು ನೋಡಿ ಬನ್ನಿ. ಮುನ್ನೂರರಷ್ಟು ಸಮಾಧಿಗಳಿವೆ. ಸ್ವಿಟ್ಜರ್ಲೆಂಡಿನ ನ್ಯೂಶಾಟೆಲ್ ಊರಿನ ಡಿ ಮ್ಯೂರಾನ್ ಮನೆತನದ ಒಬ್ಬರು 1781ರಲ್ಲಿ ಕಟ್ಟಿದ ಪಡೆ ಮೊದಲು ಡಚ್ಚರಲ್ಲಿ, ಆಮೇಲೆ ಇಂಗ್ಲಿಷರಲ್ಲಿ ದುಡಿದು 1799ರ ಮುತ್ತಿಗೆಯಲ್ಲಿತ್ತು. ಆ ಪಡೆಯವರು, ಅವರ ಹೆಂಡತಿಯರು, ಎಳೆಯ ಮಕ್ಕಳು ಅಲ್ಲಿ ಮಲಗಿದ್ದಾರೆ. ಯುದ್ಧದ ಸರಿತಪ್ಪು ಬೇರೆಯ ಮಾತು. ಪಡೆ ಹೊರಟುಹೋಯಿತು, ಕಾಲ ಕಳೆದಂತೆ ಸ್ಮಶಾನಕ್ಕೆ ಗಿಡಗಂಟಿ ಮುಸುಕಿತು, ಕಲ್ಲುಗಳು ಬಿರಿದವು. ಇನ್ನೂರು ವರ್ಷಗಳ ನಂತರ ಅದೇ ಮನೆತನದವರು ಹುಡುಕಿಕೊಂಡು ಬಂದು, ಕೈಯಿಂದ ಹಣ ಹಾಕಿ, 2008ರ ಹೊತ್ತಿಗೆ ಅದನ್ನು ಮತ್ತೆ ಸ್ಮಶಾನವೆಂದು ಗುರುತಿಸುವಂತೆ ಮಾಡಿದರು. ಅದೇ ಊರಿನ ಗುಂಬಜ್ ಬಳಿ ಕರ್ನಲ್ ಬೇಲಿಯ ಸ್ಮಾರಕವಿದೆ. 1780ರಲ್ಲಿ ಸೆರೆಸಿಕ್ಕ ಆತ 1782ರಲ್ಲಿ ಸೆರೆಯಲ್ಲೇ ತೀರಿಕೊಂಡ. ಸ್ಮಾರಕ ಎದ್ದದ್ದು 1816ರಲ್ಲಿ, ಲಖನೌದಲ್ಲಿ ರೆಸಿಡೆಂಟ್ ಹುದ್ದೆಯಲ್ಲಿದ್ದ ಅವನ ಸಂಬಂಧದ ಮಗನಿಂದ. ಮೂವತ್ತನಾಲ್ಕು ವರ್ಷ ಕಳೆದರೂ ದೊಡ್ಡಪ್ಪನ ಹೆಸರು ಆ ಮನೆಯಲ್ಲಿ ಬಿದ್ದುಹೋಗಿರಲಿಲ್ಲ.

ಇನ್ನೊಂದು ಸಂಗತಿ ನಮಗೆ ಇನ್ನೂ ಹತ್ತಿರದ್ದು. ಹಾಸನದಿಂದ ಸುಮಾರು 20 ಕಿಲೋಮೀಟರ್ ದೂರದ ಶೆಟ್ಟಿಹಳ್ಳಿಯ ಜಪಸರ ಮಾತೆಯ ದೇವಾಲಯವನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ಮಳೆಗಾಲದಲ್ಲಿ ನೀರಿನಲ್ಲಿ ಮುಳುಗಿ ಬೇಸಿಗೆಯಲ್ಲಿ ಮೇಲೇಳುವ ಆ ಗೋಡೆಗಳ ಮುಂದೆ ಈಗ ಪ್ರವಾಸಿಗರು ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಆ ಹಾಸನ ಸೀಮೆಯಲ್ಲಿ ನಮ್ಮ ಜನರನ್ನು ನೆಲೆಗೊಳಿಸಿದವರಲ್ಲಿ ಮೊದಲಿಗರು ಜನರು 'ದೊಡ್ಡ ಸ್ವಾಮಿಯವರು' ಎಂದು ಕರೆಯುತ್ತಿದ್ದ ಅಬ್ಬೆ ದುಬಾಯ್. ಸಾತಹಳ್ಳಿಯಂಥ ಬೇಸಾಯದ ಊರುಗಳನ್ನು ಕಟ್ಟಿ 1823ರಲ್ಲಿ ತಾಯ್ನಾಡಿಗೆ ಮರಳಿದ ಅವರು 1848ರಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಂಡರು. ಶೆಟ್ಟಿಹಳ್ಳಿಯ ದೇವಾಲಯ ಎದ್ದದ್ದು ಅವರ ನಂತರ, 1860ರ ದಶಕದಲ್ಲಿ, ಫ್ರೆಂಚ್ ಗುರುಗಳಿಂದ. ಗೊರೂರಿನ ಹೇಮಾವತಿ ಅಣೆಕಟ್ಟೆಗಾಗಿ ಊರು ಎದ್ದು ಬೇರೆಡೆಗೆ ಹೋಯಿತು. 1979ರಲ್ಲಿ ಅಣೆಕಟ್ಟೆ ಮುಗಿಯಿತು. ಅದರ ನಾಲೆಯ ನೀರು ಎಲ್ಲಿಗೆ ಬರುತ್ತದೆ? ನಮ್ಮ ತಿಪಟೂರು, ತುರುವೇಕೆರೆಗಳ ಕೆರೆಗಳಿಗೆ, ನಮ್ಮ ತೆಂಗಿನ ಬುಡಕ್ಕೆ. ಯಾರನ್ನೂ ದೂರಲು ಇದನ್ನು ಹೇಳುತ್ತಿಲ್ಲ. ಆ ನೀರಿಲ್ಲದೆ ನಮ್ಮ ಅನೇಕ ತೋಟಗಳು ಒಣಗುತ್ತಿದ್ದವು. ಆದರೆ ಊರು ಬಿಡುವಾಗ ಬಾಗಿಲು, ತೊಲೆ, ದನಕರು ಎಲ್ಲವನ್ನೂ ಗಾಡಿಗೆ ಹೇರಬಹುದು; ಮಣ್ಣಿನಲ್ಲಿರುವವರನ್ನು ಹೇರಲು ಬರುವುದಿಲ್ಲ. ನಾಲೆಯಲ್ಲಿ ನೀರು ಬಂದ ದಿನ ಆ ಊರಿನ ಮೃತರಿಗಾಗಿಯೂ ಒಂದು ಪರಲೋಕ ಮಂತ್ರ ಹೇಳಿದರೆ ನಮಗೇನೂ ನಷ್ಟವಿಲ್ಲ.

ಹೇರಿಕೊಂಡು ಹೋದವರೂ ಇದ್ದಾರೆನ್ನಿ. ಜೋಸೆಫನು ಸಾಯುವ ಮುಂಚೆ ತನ್ನ ಎಲುಬುಗಳನ್ನು ಇಲ್ಲಿಂದ ಒಯ್ಯಬೇಕೆಂದು ಅಣ್ಣತಮ್ಮಂದಿರಿಂದ ಪ್ರಮಾಣ ಮಾಡಿಸಿಕೊಂಡಿದ್ದನು. ತಲೆಮಾರುಗಳು ಕಳೆದು, ಅವನ ಮುಖ ನೋಡಿದವರು ಒಬ್ಬರೂ ಉಳಿದಿಲ್ಲದ ಕಾಲದಲ್ಲಿ, ಫರೋಹನಿಂದ ತಪ್ಪಿಸಿಕೊಳ್ಳುವ ಆ ಗಡಿಬಿಡಿಯ ರಾತ್ರಿಯಲ್ಲೂ ಮೋಶೆ ಆ ಎಲುಬುಗಳನ್ನು ಮರೆಯಲಿಲ್ಲ. ಕೊನೆಗೆ ಶೆಕೆಮಿನಲ್ಲಿ, ಯಕೋಬನು ಹಿಂದೆ ಕ್ರಯಕ್ಕೆ ಕೊಂಡಿದ್ದ ಹೊಲದಲ್ಲಿ ಅವುಗಳನ್ನು ಹೂಳಿದರು.

ಸೌಲನ ಕಥೆ ಇದಕ್ಕಿಂತ ಕರುಳು ಹಿಂಡುವಂಥದ್ದು. ಯುದ್ಧದಲ್ಲಿ ಸತ್ತ ಅರಸನ ಶವವನ್ನು ಶತ್ರುಗಳು ಗೋಡೆಗೆ ನೇತುಹಾಕಿದಾಗ ಯಾಬೇಷಿನ ಜನ ರಾತ್ರಿಯೆಲ್ಲಾ ನಡೆದು ಹೋಗಿ ಇಳಿಸಿ ತಂದು, ತಮ್ಮೂರಿನ ಒಂದು ಮರದ ಕೆಳಗೆ ಎಲುಬುಗಳನ್ನು ಹೂಳಿ ಏಳು ದಿನ ಉಪವಾಸವಿದ್ದರು. ಅಲ್ಲಿಗೆ ಅದು ಮರೆತುಹೋಗಬಹುದಿತ್ತು. ವರ್ಷಗಳ ಮೇಲೆ ಸೌಲನ ಉಪಪತ್ನಿ ರಿಚ್ಪಳ ಇಬ್ಬರು ಮಕ್ಕಳನ್ನು ಕೊಂದು ಬೆಟ್ಟದ ಮೇಲೆ ಬಿಟ್ಟಾಗ ಆ ತಾಯಿ ಬಂಡೆಯ ಮೇಲೆ ಗೋಣಿತಟ್ಟು ಹಾಸಿಕೊಂಡು ಕುಳಿತಳು. ಜವೆಗೋಧಿಯ ಕೊಯ್ಲಿನ ಆರಂಭದಿಂದ ಮಳೆ ಬೀಳುವವರೆಗೆ, ಹಗಲು ಹಕ್ಕಿಗಳನ್ನೂ ಇರುಳು ಮೃಗಗಳನ್ನೂ ಹತ್ತಿರ ಬರಗೊಡದೆ ಕಾದಳು. ಅವಳು ಒಂದು ಮಾತಾಡಿದ್ದೂ ಬರೆದಿಲ್ಲ. ಆ ಸುದ್ದಿ ಮುಟ್ಟಿದ ಮೇಲೆಯೇ ದಾವೀದನು ಎದ್ದು, ಯಾಬೇಷಿನಿಂದ ಸೌಲ ಮತ್ತು ಯೋನಾತಾನರ ಎಲುಬುಗಳನ್ನು ತರಿಸಿ, ಸೌಲನ ತಂದೆ ಕೀಷನ ಸಮಾಧಿಯಲ್ಲಿ ಇರಿಸಿದನು. ತನ್ನನ್ನು ಕೊಲ್ಲಲು ಬೆನ್ನಟ್ಟಿದವನ ಎಲುಬುಗಳು ಅವು! ಆಸ್ತಿ ವ್ಯಾಜ್ಯದಿಂದ ಅಣ್ಣನ ಸಮಾಧಿಗೆ ಹೂವಿಡದ ತಮ್ಮಂದಿರು ನಮ್ಮಲ್ಲೂ ಇದ್ದಾರೆ. ಅವರು 2 ಸಮುವೇಲ 21ನೆಯ ಅಧ್ಯಾಯವನ್ನು ಓದಲಿ.

ಈಚಿನ ಒಂದು ನಿದರ್ಶನವೂ ಇದೆ. ಜಾರ್ಜಿಯಾ ದೇಶದ ರಾಣಿ ಕೆತೆವಾನಳನ್ನು ಕ್ರಿಸ್ತ ವಿಶ್ವಾಸ ಬಿಡಲೊಪ್ಪದ ಕಾರಣಕ್ಕೆ 1624ರಲ್ಲಿ ಪರ್ಷಿಯಾದ ಶಿರಾಜಿನಲ್ಲಿ ಚಿತ್ರಹಿಂಸೆ ಕೊಟ್ಟು ಕೊಂದರು. ಅಗಸ್ಟೀನ್ ಸಭೆಯ ಗುರುಗಳು ಆಕೆಯ ಎಲುಬುಗಳಲ್ಲಿ ಕೆಲವನ್ನು ಗೋವೆಗೆ ತಂದು ತಮ್ಮ ಮಠದಲ್ಲಿಟ್ಟರು. ಮಠ ಮುಚ್ಚಿತು, ದೇವಾಲಯ ಕುಸಿಯಿತು, ಎಲ್ಲವೂ ಮಣ್ಣುಗುಡ್ಡೆಯಾಯಿತು. ಆದರೆ ಎಲುಬಿನ ಪೆಟ್ಟಿಗೆ ಯಾವ ಪ್ರಾರ್ಥನಾಮಂದಿರದ ಯಾವ ಕಿಟಕಿಯ ಬಳಿ ಇದೆ ಎಂದು ಹಳೆಯ ಪೋರ್ಚುಗೀಸ್ ಕಾಗದಗಳಲ್ಲಿ ಯಾರೋ ಬರೆದಿಟ್ಟಿದ್ದರು. ಅದರ ಜಾಡು ಹಿಡಿದು ಪುರಾತತ್ವ ಇಲಾಖೆಯವರು ಅಗೆದಾಗ ಎಲುಬು ಸಿಕ್ಕಿತು. ಹೈದರಾಬಾದಿನ ವಿಜ್ಞಾನಿಗಳು ಡಿಎನ್ಎ ಪರೀಕ್ಷೆ ಮಾಡಿ, ಇದು ಭಾರತದವರದಲ್ಲ, ಜಾರ್ಜಿಯಾದವರೊಡನೆ ಹೊಂದುತ್ತದೆ ಎಂದರು. 2021ರ ಜುಲೈನಲ್ಲಿ ಭಾರತ ಸರ್ಕಾರ ಅದನ್ನು ಆಕೆಯ ಜನರಿಗೆ ಒಪ್ಪಿಸಿತು. ಡಿಎನ್ಎಯ ಮಾತು ಎಲ್ಲರಿಗೂ ನೆನಪಿರುತ್ತದೆ, ಕಿಟಕಿಯ ಗುರುತು ಬರೆದಿಟ್ಟ ಆ ಹೆಸರಿಲ್ಲದ ಗುರುವಿನ ಸಾಲು ನಮಗೆ ದೊಡ್ಡದಾಗಿ ಕಾಣುತ್ತದೆ.

ಈಗ ನಮ್ಮ ಮನೆಯ ಮಾತಿಗೆ ಬರೋಣ. ಧರ್ಮಸಭೆಯ ಕಾನೂನು ಸಂಹಿತೆಯ 1241ನೆಯ ನಿಯಮ, ಕುಟುಂಬಗಳಿಗೂ ಸ್ವಂತ ಸ್ಮಶಾನವಿರಬಹುದು, ಧರ್ಮಾಧ್ಯಕ್ಷರು ಒಪ್ಪಿದರೆ ಅದನ್ನು ಆಶೀರ್ವದಿಸಬಹುದು ಎನ್ನುತ್ತದೆ. ಆದ್ದರಿಂದ ತೋಟದ ಮೂಲೆಯ ಸಮಾಧಿ ಎಂದು ಹಿಂಜರಿಯಬೇಕಿಲ್ಲ. ಆದರೆ ತೋಟ ಮಾರುವ ಮುಂಚೆ, ಇಲ್ಲವೇ ವಿಭಾಗಪತ್ರ ಬರೆಸುವಾಗ, ಆ ಜಾಗವನ್ನು ಅಳೆಸಿ, ನಕ್ಷೆಯಲ್ಲಿ ತೋರಿಸಿ, ಹೊರಗಿಟ್ಟು ಬರೆಸಿ. ಹೋಗಿಬರುವ ದಾರಿಯನ್ನೂ ಬರೆಸಿ. ಬಾಯಿಮಾತು ಒಂದು ತಲೆಮಾರಿಗೆ ಮುಗಿಯಿತು. ಶವಸಂಸ್ಕಾರದ ಜಾಗಕ್ಕೆ ಅಗೌರವ ಮಾಡುವ ಉದ್ದೇಶದಿಂದ ಅತಿಕ್ರಮಿಸುವುದು ದೇಶದ ಕಾನೂನಿನಲ್ಲೂ ಅಪರಾಧ. ಹಳೆಯ ದಂಡಸಂಹಿತೆಯ 297ನೆಯ ಕಲಮು ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲಿ 301 ಆಗಿದೆ. ಆದರೂ ಕೋರ್ಟು ಮೆಟ್ಟಿಲಿಗಿಂತ ಕ್ರಯಪತ್ರದ ಒಂದು ಸಾಲು ಮೇಲು.

ಗುಣಿ ತೆಗೆಯುವಾಗ ಎಲುಬು ಕಂಡರೆ ಕೆಲಸ ನಿಲ್ಲಿಸಿ. ಕೆರೆಗೆ ಎಸೆಯುವುದು, ಬದುವಿನಾಚೆ ಸರಿಸುವುದು ಬೇಡ. ಯಾರದೆಂದು ತಿಳಿಯದಿದ್ದರೆ ಮೊದಲು ಪೊಲೀಸರಿಗೆ ತಿಳಿಸಬೇಕು. ನಿಮ್ಮವರದೇ ಎಂದು ಗೊತ್ತಿದ್ದು ಧರ್ಮಕೇಂದ್ರದ ಸ್ಮಶಾನಕ್ಕೆ ತರಬೇಕೆಂದಿದ್ದರೆ ಸರ್ಕಾರಿ ಅಧಿಕಾರಿಗಳ ಮತ್ತು ಮಹಾಧರ್ಮಕ್ಷೇತ್ರದ ಅನುಮತಿ ಪಡೆದೇ ಕೈಹಾಕಬೇಕು. ಆಮೇಲೆ ಬಿಳಿ ಬಟ್ಟೆಯಲ್ಲಿ ಸುತ್ತಿ, ಸಣ್ಣ ಮರದ ಪೆಟ್ಟಿಗೆಯಲ್ಲಿಟ್ಟು, ಪ್ರಾರ್ಥನೆಯೊಡನೆ ಮತ್ತೆ ಮಣ್ಣಿಗೆ ಒಪ್ಪಿಸಿದರಾಯಿತು. ದೊಡ್ಡ ಗ್ರಾನೈಟ್ ಬೇಕಿಲ್ಲ. ಹೆಸರು, ವರ್ಷ, ಒಂದು ಶಿಲುಬೆ ಸಾಕು. ನಮ್ಮ ಸ್ಮಶಾನದ ಹೊಳೆಯುವ ಕಲ್ಲುಗಳಲ್ಲಿ ಕಟ್ಟಿಸಿದವರ ಹೆಸರೇ ತೀರಿಕೊಂಡವರ ಹೆಸರಿಗಿಂತ ದಪ್ಪಗಿರುವುದನ್ನು ಕಂಡು ನಗಬೇಕೋ ಅಳಬೇಕೋ ತಿಳಿಯದು. ಹೊರದೇಶದಲ್ಲಿ ದಹನವಾದವರ ಬೂದಿ ತಂದವರು ಕೇಳುತ್ತಾರೆ, ಕಾವೇರಿಯಲ್ಲಿ ಬಿಡಬಹುದೇ ಎಂದು. ದಹನಕ್ಕೆ ಧರ್ಮಸಭೆಯ ಅಡ್ಡಿಯಿಲ್ಲ. ಆದರೆ ಬೂದಿಯನ್ನು ಹೊಳೆಯಲ್ಲಿ ಬಿಡುವುದಾಗಲಿ ಗಾಳಿಗೆ ತೂರುವುದಾಗಲಿ ಕೂಡದು, ಸ್ಮಶಾನದಂಥ ಪವಿತ್ರ ಸ್ಥಳದಲ್ಲಿಡಬೇಕೆಂದು 2016ರ ರೋಮ್‌ನ ಸೂಚನಾಪತ್ರ ತಿಳಿಸಿದೆ. ಮೃತರನ್ನು ನೆನೆಯಲು ಮುಂದಿನವರಿಗೆ ಒಂದು ನೆಲೆ ಇರಲಿ ಎಂಬುದೇ ಅದರ ಕಾರಣಗಳಲ್ಲೊಂದು.

ಇನ್ನು ಹುಡುಕುವ ಬಗೆ. ಸಮಾಧಿಯ ನಂತರ ಹೆಸರನ್ನು ಮರಣ ಪುಸ್ತಕದಲ್ಲಿ ಬರೆಯುವುದು ನಮಗೆ ಕಡ್ಡಾಯ. ಆದರೆ ಹಳೆಯ ಗುರುಗಳು ಲತೀನಿನಲ್ಲಿ ಬರೆಯುತ್ತಿದ್ದರು. ನಿಮ್ಮ ತಾತ ರಾಯಪ್ಪನಾಗಿದ್ದರೆ ಪುಸ್ತಕದಲ್ಲಿ ಪೇತ್ರುಸ್ ಎಂದಿರುತ್ತದೆ. ಚಿನ್ನಪ್ಪ ಅಲ್ಲಿ ಪೌಲುಸ್, ಅರುಳಪ್ಪ ಯೊವಾನ್ನೆಸ್, ಇನ್ನಾಸಪ್ಪ ಇಗ್ನಾತಿಯುಸ್, ಚೌರಪ್ಪ ಕ್ಸಾವೇರಿಯುಸ್. ಹೆಸರು ಸಿಗಲಿಲ್ಲವೆಂದು ಹಿಂದಿರುಗಿದವರಲ್ಲಿ ಎಷ್ಟು ಜನ ಹೀಗೆ ತಪ್ಪಿಸಿಕೊಂಡರೋ! ಜ್ಞಾನಸ್ನಾನದ ಹೆಸರು, ತಂದೆಯ ಹೆಸರು, ಊರಿನ ಹೆಸರು ಮೂರನ್ನೂ ತನ್ನಿ. ಮನೆಯಲ್ಲಿ ಎಂಬತ್ತು ದಾಟಿದ ಅಜ್ಜಿ ಇದ್ದರೆ ಈ ವಾರವೇ ಅವರನ್ನು ತೋಟಕ್ಕೆ ಕರೆದೊಯ್ದು, "ಅಜ್ಜಿ, ಇಲ್ಲಿ ಯಾರಿದ್ದಾರೆ?" ಎಂದು ಕೇಳಿ ಬರೆದುಕೊಳ್ಳಿ. ಅಜ್ಜಿಗೆ ಹೆಸರಿನ ಜೊತೆಗೆ ಯಾವ ಕಾಯಿಲೆ, ಯಾವ ಬರಗಾಲ ಎಂಬುದೂ ನೆನಪಿರುತ್ತದೆ.

ನವೆಂಬರ್ 1ರಿಂದ 8ರವರೆಗೆ ಯಾವ ದಿನವಾದರೂ ಸ್ಮಶಾನಕ್ಕೆ ಹೋಗಿ ಮೃತರಿಗಾಗಿ ಪ್ರಾರ್ಥಿಸಿ, ಪಾಪನಿವೇದನೆ ಮಾಡಿ, ಪರಮಪ್ರಸಾದ ಸ್ವೀಕರಿಸಿ, ವಿಶ್ವಗುರುಗಳ ಉದ್ದೇಶಗಳಿಗಾಗಿ ಪ್ರಾರ್ಥಿಸಿದರೆ ಪೂರ್ಣ ದಂಡವಿಮೋಚನೆಯ ವರವಿದೆ. ಎಲ್ಲ ಪಾಪದ ಆಸೆಯನ್ನೂ ತೊರೆದ ಮನಸ್ಸಿರಬೇಕು. ಆ ವರ ನಮಗಲ್ಲ, ಶುದ್ಧೀಕರಣ ಸ್ಥಳದಲ್ಲಿರುವ ಆತ್ಮಗಳಿಗೆ ಸಲ್ಲುತ್ತದೆ. ಯೂದ ಮಕ್ಕಬಿಯು ಯುದ್ಧದಲ್ಲಿ ಮಡಿದವರ ಪಾಪಕ್ಷಮೆಗಾಗಿ ಹಣ ಕೂಡಿಸಿ ಜೆರುಸಲೇಮಿಗೆ ಕಳುಹಿಸಿದ್ದು ಪುನರುತ್ಥಾನದ ನಂಬಿಕೆಯಿಂದಲೇ. ಸತ್ತವರು ಏಳುವುದಿಲ್ಲವೆಂದಿದ್ದರೆ ಅದು ವ್ಯರ್ಥವಾಗುತ್ತಿತ್ತೆಂದು ಆ ಗ್ರಂಥವೇ ಹೇಳುತ್ತದೆ. ನಾವು ಎಲುಬನ್ನು ಆದರದಿಂದ ಕಾಣುವುದೂ ಅದೇ ಕಾರಣಕ್ಕೆ. ಜ್ಞಾನಸ್ನಾನದ ನೀರು ಬಿದ್ದದ್ದು, ಪರಮಪ್ರಸಾದ ಉಂಡದ್ದು ಆ ದೇಹ, ಪ್ರಭು ಎಬ್ಬಿಸುವುದೂ ಅದನ್ನೇ.

ಈ ಹಬ್ಬದ ದಿನ ಬಲಿಪೂಜೆಯ ನಂತರ ದೇವಾಲಯದ ಬಾಗಿಲ ಬಳಿ ಒಂದು ಮೇಜಿನ ಮೇಲೆ ದಪ್ಪ ನೋಟುಪುಸ್ತಕವನ್ನೂ ಪೆನ್ನನ್ನೂ ಇಟ್ಟಿರುತ್ತೇವೆ. ತೋಟಗಳಲ್ಲಿ, ಬಿಟ್ಟುಬಂದ ಊರುಗಳಲ್ಲಿ, ನೀರಿನಡಿಯಲ್ಲಿ ಮಲಗಿರುವ ನಿಮ್ಮವರ ಹೆಸರು, ಊರು, ಸರ್ವೆ ನಂಬರು ಗೊತ್ತಿದ್ದರೆ ಅದನ್ನೂ ಬರೆಯಿರಿ. ಬರೆಯಲು ಬಾರದ ಹಿರಿಯರಿಗೆ ನಾವೇ ಕುಳಿತು ಬರೆದುಕೊಡುತ್ತೇವೆ. ಕನ್ನಡದಲ್ಲೇ ಬರೆಯುತ್ತೇವೆ, ರಾಯಪ್ಪನನ್ನು ರಾಯಪ್ಪನೆಂದೇ.