ಗುಂಡಿ ತುಂಬಿದ ಮೇಲೆ

ಶೌಚಾಲಯ ಕಟ್ಟಿಸಿದೊಡನೆ ಮನೆಯ ಆರೋಗ್ಯದ ಚಿಂತೆ ಮುಗಿಯಿತೆಂದು ನಾವು ಭಾವಿಸುತ್ತೇವೆ. ದೊಡ್ಡಬೆಳವಂಗಲದ ಸುತ್ತಣ ಹಳ್ಳಿಗಳಲ್ಲಿ ನಗರದಂತೆ ಒಳಚರಂಡಿಯ ಜಾಲವಿಲ್ಲ. ಮಲಜಲವೆಲ್ಲ ಮನೆಯ ಪಕ್ಕದ ಗುಂಡಿಗೇ ಇಳಿಯುತ್ತದೆ. ಗುಂಡಿ ತುಂಬಿದಾಗ ಟ್ಯಾಂಕರ್ ಬಂದು ಹೀರಿಕೊಂಡು ಹೋಗುತ್ತದೆ. ಎಲ್ಲಿಗೆ ಎಂದು ಕೇಳುವವರು ವಿರಳ.

ಹೊಲಕ್ಕೋ ಹಳ್ಳಕ್ಕೋ ಕೆರೆಯಂಚಿಗೋ ಸುರಿದರೆ ರೋಗ ಊರಿಗೇ ಹಿಂದಿರುಗುತ್ತದೆ. ಜಂತುಹುಳುವಿನ ತತ್ತಿಗಳು ತೇವದ ಮಣ್ಣಿನಲ್ಲಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಉಳಿದು, ತೊಳೆಯದ ಸೊಪ್ಪಿನೊಂದಿಗೆ ಹೊಟ್ಟೆ ಸೇರುತ್ತವೆ. ಟೈಫಾಯಿಡ್, ವಾಂತಿಭೇದಿಗಳಿಗೆ ನೀರೇ ದಾರಿ. ಅಂತರ್ಜಲಕ್ಕಿಳಿಯುವ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಿದರೆ ಆ ನೀರು ಕುಡಿಯಲು ಯೋಗ್ಯವಲ್ಲ. ಆ ನೀರಿನಲ್ಲಿ ಹಾಲಿನ ಪುಡಿ ಕಲಸಿ ಕುಡಿಸುವ ಎಳೆಯ ಕೂಸುಗಳಿಗೆ ಅಪಾಯ ಹೆಚ್ಚು. ಕುದಿಸಿದರೆ ಕ್ರಿಮಿ ಸಾಯುವುದೇ ಹೊರತು ನೈಟ್ರೇಟ್ ಹೋಗುವುದಿಲ್ಲ.

ಇದಕ್ಕೊಂದು ಉತ್ತರ ನಮ್ಮ ಜಿಲ್ಲೆಯಲ್ಲಿಯೇ ಇದೆ. ದೇವನಹಳ್ಳಿಯಲ್ಲಿ 2015ರಲ್ಲಿ ಆರಂಭವಾದ ಮಲತ್ಯಾಜ್ಯ ಸಂಸ್ಕರಣಾ ಘಟಕ ದಿನಕ್ಕೆ 6,000 ಲೀಟರ್ ಸಾಮರ್ಥ್ಯದ್ದು. ಅಲ್ಲಿ ಟ್ಯಾಂಕರ್ ತಂದ ರಾಡಿ ಇಳಿಜಾರಿನಲ್ಲಿ ತಾನಾಗಿಯೇ ಹರಿದು, ಮುಚ್ಚಿದ ತೊಟ್ಟಿಗಳಲ್ಲಿ ಕೊಳೆತು, ಹಾಸುಗಳ ಮೇಲೆ ಒಣಗುತ್ತದೆ. ನೀರು ಗಿಡ ನೆಟ್ಟ ಜಲ್ಲಿಯ ಪಾತಿಯಲ್ಲಿ ಸೋಸಿಹೋಗುತ್ತದೆ. ಒಣಗಿದುದನ್ನು ಪಟ್ಟಣದ ಹಸಿ ಕಸದೊಂದಿಗೆ ಕೊಳೆಸಿದರೆ ಗೊಬ್ಬರ.

ಆದರೆ ದೊಡ್ಡಬೆಳವಂಗಲದಿಂದ ದೊಡ್ಡಬಳ್ಳಾಪುರವನ್ನೂ ದಾಟಿ ಅಷ್ಟು ದೂರ ಟ್ಯಾಂಕರ್ ಓಡಿಸಿದರೆ ಡೀಸೆಲ್ ಖರ್ಚು ಯಾರದು? ಕಳ್ಳತನದಲ್ಲಿ ಹಳ್ಳಕ್ಕೆ ಸುರಿಯುವ ಚಟ ಹುಟ್ಟುವುದೇ ಇಲ್ಲಿ. ಸಂಚಾರಿ ಸಂಸ್ಕರಣಾ ವಾಹನದ ಪ್ರಯೋಜನವೂ ಇಲ್ಲಿಯೇ. ಅದು ಮನೆಯ ಮುಂದೆಯೇ ರಾಡಿಯಿಂದ ನೀರನ್ನು ಬೇರ್ಪಡಿಸಿ ಸೋಸುತ್ತದೆ. ಗಟ್ಟಿಯನ್ನಷ್ಟೇ ಒಯ್ಯುವುದರಿಂದ ಒಂದೇ ಸುತ್ತಿನಲ್ಲಿ ಹಲವು ಮನೆಗಳಾಗುತ್ತವೆ. ಕಟ್ಟಡ ಕಾರ್ಮಿಕರ ಶೆಡ್ಡುಗಳಿಗೆ, ಗಣಿಗಳಿಗೆ ಲಾರಿಯಲ್ಲಿ ತಂದಿಳಿಸುವ ಪೆಟ್ಟಿಗೆಯಂತಹ ಘಟಕಗಳೂ ಇವೆ. ಅವುಗಳೊಳಗೆ ಗಾಳಿಯೂದಿ ಸಾಕಿದ ಸೂಕ್ಷ್ಮಜೀವಿಗಳೇ ಕೊಳೆಯನ್ನು ತಿನ್ನುತ್ತವೆ. ಕಾರ್ಖಾನೆಯ ಬಣ್ಣ, ಆಮ್ಲ, ಲೋಹದ ನೀರನ್ನು ಇವಕ್ಕೆ ಬಿಟ್ಟರೆ ಆ ಜೀವಿಗಳೇ ಸಾಯುತ್ತವೆ; ಅದಕ್ಕೆ ಬೇರೆಯದೇ ಶುದ್ಧೀಕರಣ ಬೇಕು.

ಅಂತಹ ವಾಹನ ಬರುವವರೆಗೆ, ಹೊಸದಾಗಿ ಕಟ್ಟಿಸುವವರು ಬಾವಿ, ಕೊಳವೆಬಾವಿಗಳಿಂದ ದೂರದಲ್ಲಿ ಎರಡು ಗುಂಡಿ ತೋಡಿಸುವುದು ಲೇಸು. ಮೊದಲನೆಯದು ತುಂಬಿದಾಗ ಮುಚ್ಚಿ, ಎರಡನೆಯದಕ್ಕೆ ತಿರುಗಿಸಿ, ಎರಡು ವರ್ಷ ಮುಟ್ಟದೆ ಬಿಟ್ಟರೆ ಅದು ವಾಸನೆಯಿಲ್ಲದ ಮಣ್ಣಾಗಿರುತ್ತದೆ. ತುಂಬಿದ ಸೆಪ್ಟಿಕ್ ಟ್ಯಾಂಕಿನೊಳಗೆ ಮಾತ್ರ ಯಾರನ್ನೂ ಇಳಿಸಬೇಡಿ: ಒಳಗಿನ ವಿಷಾನಿಲ ಕ್ಷಣಗಳಲ್ಲಿ ಕೊಲ್ಲುತ್ತದೆ, ರಕ್ಷಣೆಯಿಲ್ಲದೆ ಇಳಿಸುವುದು 2013ರ ಕಾಯಿದೆಯಂತೆ ಅಪರಾಧವೂ ಹೌದು. ಟ್ಯಾಂಕರ್ ಕರೆಸಿದ ದಿನ, ಹಣ ಎಣಿಸುವ ಮುನ್ನ, ಎಲ್ಲಿ ಸುರಿಯುವಿರೆಂದು ಚಾಲಕನನ್ನು ಕೇಳಿರಿ.